ಕೈಗೆ ಕಟ್ಟಿದ ಯಂತ್ರ ಮತ್ತು ನಮ್ಮ ಆರೋಗ್ಯ

ಅಕ್ಕಲಕೋಟ, ದುಧನಿ, ಮೈಂದರ್ಗಿ, ಜತ್ತ ಕಡೆಯ ಯಾವ ಸಂತೆಗೆ ಹೋದರೂ ಈಗ ಬಳೆಯ ಅಂಗಡಿ, ಬೆಲ್ಟಿನ ಅಂಗಡಿಗಳ ಮಗ್ಗುಲಲ್ಲಿ ಇನ್ನೊಂದು ಸಾಮಾನು ತೂಗುಹಾಕಿರುತ್ತದೆ. ಕರಿಯ ರಬ್ಬರಿನ ಪಟ್ಟಿ, ನಡುವೆ ಒಂದು ಸಣ್ಣ ಗಾಜು. ಕೆಲವರು ಅದನ್ನು ಬ್ಯಾಂಡು ಅನ್ನುತ್ತಾರೆ, ಕೆಲವರು ಸ್ಮಾರ್ಟ್ ವಾಚು ಅನ್ನುತ್ತಾರೆ. ಮಾರುವವನು ಅದಕ್ಕೆ ಒಂದು ದವಾಖಾನೆಗೆ ಆಗುವಷ್ಟು ಗುಣ ಹೇಳುತ್ತಾನೆ. ಹೆಜ್ಜೆ ಎಣಿಸುತ್ತದೆ, ನಾಡಿ ನೋಡುತ್ತದೆ, ಬಿ.ಪಿ. ಹೇಳುತ್ತದೆ, ಸಕ್ಕರೆ ಹೇಳುತ್ತದೆ, ನಿದ್ದೆ ಅಳೆಯುತ್ತದೆ ಎನ್ನುತ್ತಾನೆ. ಪುಣೆ, ಬೆಂಗಳೂರುಗಳಲ್ಲಿ ನೌಕರಿ ಮಾಡುವ ಮಕ್ಕಳು ದೀಪಾವಳಿಗೆ ಊರಿಗೆ ಬಂದಾಗ ತಂದೆಯ ಕೈಗೆ ಒಂದು, ತಾಯಿಯ ಕೈಗೆ ಒಂದು ಕಟ್ಟಿ ಹೋಗುತ್ತಾರೆ. ಮಕ್ಕಳ ಪ್ರೀತಿ ದೊಡ್ಡದು, ಅದರ ಬಗ್ಗೆ ಮಾತಿಲ್ಲ. ಆದರೆ ಅವರು ಬಸ್ಸು ಹತ್ತಿ ಹೋದ ಮೇಲೆ ಆ ಗಾಜಿನ ಮೇಲೆ ಮೂಡುವ ಅಂಕಿಗಳಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ಹೇಳಿಕೊಡುವವರು ಊರಲ್ಲಿ ಯಾರೂ ಇರುವುದಿಲ್ಲ. ಇಂದು ನಿಮ್ಮೊಡನೆ ಆಡಬೇಕೆಂದಿರುವ ಮಾತು ಅದರ ಬಗ್ಗೆ.

ನಾನು ವೈದ್ಯನಲ್ಲ. ಮೆಟ್ರಿಕ್ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಕ್ಕ ಬರೆದವನು. ಬ್ಯಾಂಕಿನಲ್ಲಿ ಒಂದು ಪದ್ಧತಿ ಇದೆ. ಲೆಡ್ಜರಿನಲ್ಲಿ ಒಂದು ಅಂಕಿ ಕಂಡರೆ ಅದರ ಹಿಂದೆ ವೋಚರ್ ಇರಲೇಬೇಕು. ವೋಚರ್ ಇಲ್ಲದ ಅಂಕಿ ಎಷ್ಟೇ ಅಂದವಾಗಿ ಬರೆದಿದ್ದರೂ ಅದನ್ನು ಒಪ್ಪುವ ಹಾಗಿಲ್ಲ. ಈ ಯಂತ್ರವನ್ನೂ ಹಾಗೆಯೇ ನೋಡೋಣ. ಅದು ತೋರಿಸುವ ಒಂದೊಂದು ಅಂಕಿಗೂ ವೋಚರ್ ಎಲ್ಲಿದೆ ಎಂದು ಕೇಳುತ್ತ ಹೋಗೋಣ.

ಮೊದಲು ಹೆಜ್ಜೆಯ ಲೆಕ್ಕ. ಬ್ಯಾಂಡಿನ ಒಳಗೆ ಒಂದು ಸಣ್ಣ ಚಿಪ್ ಇರುತ್ತದೆ. ಕೈ ಮೇಲೆ ಕೆಳಗೆ, ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಅಲುಗಿದ್ದನ್ನು ಅದು ಗುರುತಿಸುತ್ತದೆ. ಮೊಬೈಲನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡ ತಿರುಗುತ್ತದಲ್ಲ, ಅದನ್ನು ಮಾಡುವುದೂ ಇಂಥದೇ ಚಿಪ್. ನಡೆಯುವ ಮನುಷ್ಯನ ಕೈ ಒಂದು ಲಯದಲ್ಲಿ ಬೀಸುತ್ತದೆ. ಆ ಲಯ ಸಿಕ್ಕಾಗಲೆಲ್ಲ ಯಂತ್ರ ಅದನ್ನು ಹೆಜ್ಜೆ ಎಂದು ಬರೆದುಕೊಳ್ಳುತ್ತದೆ. ಅಂದರೆ ಅದು ನೋಡುವುದು ಕಾಲನ್ನಲ್ಲ, ಕೈಯನ್ನು. ನಮ್ಮ ಹಳ್ಳಿಯ ಬದುಕಿಗೆ ಈ ಮಾತು ಬಹಳ ಮುಖ್ಯ.

ಮುಂಜಾನೆ ಒಲೆಯ ಮುಂದೆ ಕುಳಿತು ಇಪ್ಪತ್ತು ಜೋಳದ ರೊಟ್ಟಿ ಬಡಿದ ತಾಯಿಯ ಕೈ ನೋಡಿ. ಅವರು ಕುಳಿತ ಜಾಗದಿಂದ ಎದ್ದಿರುವುದಿಲ್ಲ, ಬ್ಯಾಂಡಿನಲ್ಲಿ ಮಾತ್ರ ಹೆಜ್ಜೆಗಳು ಜಮಾ ಆಗಿರುತ್ತವೆ. ಬೀಡಿ ಕಟ್ಟುವ ಅಕ್ಕಂದಿರ ಕೈಗೂ ಇದೇ ಗತಿ. ಕೆಟ್ಟ ರಸ್ತೆಯಲ್ಲಿ ಟ್ರ್ಯಾಕ್ಟರಿನ ಮೇಲೆ ಕುಲುಕುತ್ತ ಬಂದವರಿಗೂ ಕೆಲವು ಹೆಜ್ಜೆ ಪುಕ್ಕಟೆ ಸಿಗುತ್ತವೆ. ಅದೇ ತಾಯಿ ಮಧ್ಯಾಹ್ನ ತಲೆಯ ಮೇಲೆ ಮೇವಿನ ಹೊರೆ ಹೊತ್ತು, ಎರಡೂ ಕೈಯಿಂದ ಹಿಡಿದುಕೊಂಡು, ಹೊಲದಿಂದ ಮನೆಯವರೆಗೆ ಬಂದರೆ ಕೈ ಬೀಸುವುದಿಲ್ಲ, ಹೆಜ್ಜೆ ಕಡಿಮೆ ಬೀಳುತ್ತದೆ. ಎರಡು ತಾಸು ಬಗ್ಗಿ ಕಳೆ ತೆಗೆದದ್ದು ಅದರ ಲೆಕ್ಕದಲ್ಲಿ ಕೆಲಸವೇ ಅಲ್ಲ. ಈ ಯಂತ್ರವನ್ನು ಮಾಡಿದವರು ಮನಸ್ಸಿನಲ್ಲಿಟ್ಟುಕೊಂಡದ್ದು ಪೇಟೆಯಲ್ಲಿ ಕುರ್ಚಿಯ ಮೇಲೆ ಕುಳಿತು ದುಡಿಯುವವರನ್ನು. ಆದ್ದರಿಂದ ಹೊಲದಲ್ಲಿ ದುಡಿಯುವ ಅಕ್ಕಂದಿರೇ, ಬ್ಯಾಂಡಿನಲ್ಲಿ ಮೂರು ಸಾವಿರ ಕಂಡಿತೆಂದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಈ ಹೆಜ್ಜೆ ಲೆಕ್ಕ ಬೇಕಾಗಿರುವುದು ಹೊಲ ಬಿಟ್ಟವರಿಗೆ, ಅಂಗಡಿಯ ಗಲ್ಲೆಯ ಮೇಲೆ ಕೂಡುವವರಿಗೆ, ನಿವೃತ್ತರಾದ ನನ್ನಂಥವರಿಗೆ, ಮನೆಯಿಂದ ಹೊಲಕ್ಕೂ ಮೋಟಾರ್ ಸೈಕಲ್ ಮೇಲೆ ಹೋಗುವ ಇಂದಿನ ಹುಡುಗರಿಗೆ.

ದಿನಕ್ಕೆ ಎಷ್ಟು ಹೆಜ್ಜೆ ನಡೆಯಬೇಕು? ಹತ್ತು ಸಾವಿರ ಎಂದು ಎಲ್ಲರ ಬಾಯಲ್ಲೂ ಇದೆ. ಈ ಹತ್ತು ಸಾವಿರ ಯಾವ ವೈದ್ಯರ ಚೀಟಿಯಿಂದಲೂ ಬಂದದ್ದಲ್ಲ. 1964ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ಸ್ ನಡೆಯಿತು. ಮರುವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಸುವ ಯಂತ್ರವನ್ನು ಮಾರಾಟಕ್ಕೆ ತಂದಿತು. ಹೆಸರು 'ಮಾನ್ಪೊ ಕೇಯಿ'. ಜಪಾನಿ ಭಾಷೆಯಲ್ಲಿ ಮಾನ್ ಎಂದರೆ ಹತ್ತು ಸಾವಿರ, ಪೊ ಎಂದರೆ ಹೆಜ್ಜೆ, ಕೇಯಿ ಎಂದರೆ ಅಳೆಯುವ ಸಾಧನ. ಮಾರುವುದಕ್ಕೆ ಚೆಂದ ಕೇಳಿಸುವ ಹೆಸರು. ಅದು ಜಗತ್ತೆಲ್ಲ ತಿರುಗಿ, ಅರವತ್ತು ವರ್ಷದ ಮೇಲೆ ನಮ್ಮ ಊರ ಕಟ್ಟೆಗೂ ಬಂದು ಕುಳಿತಿದೆ.

ನಿಜವಾದ ಲೆಕ್ಕ ಆಮೇಲೆ ನಡೆಯಿತು. 2019ರಲ್ಲಿ ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ 16,741 ಹೆಣ್ಣುಮಕ್ಕಳ ಹೆಜ್ಜೆ ಎಣಿಸಿ, ಕೆಲವು ವರ್ಷ ಅವರನ್ನು ಗಮನಿಸಿದ ವರದಿ ಬಂತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಸಾವು ಎದ್ದು ಕಾಣುವಷ್ಟು ಕಡಿಮೆ ಇತ್ತು. 7,500ರವರೆಗೆ ಲಾಭ ಏರುತ್ತ ಹೋಗಿ, ಅಲ್ಲಿಂದಾಚೆ ನಿಂತುಬಿಟ್ಟಿತು. 2025ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದ ಇನ್ನೊಂದು ವರದಿ ಬಂತು. ಅದರಲ್ಲಿಯೂ ದಿನಕ್ಕೆ 2,000 ಹೆಜ್ಜೆಯವರಿಗಿಂತ 7,000 ಹೆಜ್ಜೆಯವರಲ್ಲಿ ಸಾವಿನ ಅಪಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ನಡೆದದ್ದರಿಂದಲೇ ಆಯುಷ್ಯ ಬಂತೋ, ಗಟ್ಟಿ ಇದ್ದವರು ಹೆಚ್ಚು ನಡೆದರೋ ಎಂಬ ಪ್ರಶ್ನೆ ಇಂಥ ಅಧ್ಯಯನಗಳಲ್ಲಿ ಸ್ವಲ್ಪ ಉಳಿಯುತ್ತದೆ. ಆದರೂ ಹತ್ತು ಸಾವಿರ ಆಗಲಿಲ್ಲವೆಂದು ಬ್ಯಾಂಡು ಬಿಚ್ಚಿಡುವ ಕಾರಣವಿಲ್ಲ. ಇಂದು ಎರಡು ಸಾವಿರ ನಡೆಯುವವರು ಮುಂದಿನ ತಿಂಗಳು ಮೂರು, ಅದರಾಚೆ ನಾಲ್ಕು ಸಾವಿರ ನಡೆದರೆ ಅದೇ ದೊಡ್ಡ ಲಾಭ.

ನಮ್ಮ ಕಡೆ ನಡೆಯುವುದು ಹೊಸದೇನಲ್ಲ. ಕೋಜಾಗಿರಿ ಹುಣ್ಣಿಮೆಗೆ ಸೊಲ್ಲಾಪುರದಿಂದ ತುಳಜಾಪುರಕ್ಕೆ ನಡೆದೇ ಹೋಗುವವರಿದ್ದಾರೆ, ಸುಮಾರು 45 ಕಿಲೋಮೀಟರು. ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರಿದ್ದಾರೆ. ತುಳಜಾಪುರದ ದಾರಿಯಲ್ಲಿ ಬ್ಯಾಂಡು ಕಟ್ಟಿದರೆ ಅರವತ್ತು ಸಾವಿರ ಹೆಜ್ಜೆ ಬೀಳಬಹುದು. ದೇವಿಗೆ ಸಲ್ಲಬೇಕಾದದ್ದು ಸಲ್ಲಿತು, ಸಂತೋಷ. ಆದರೆ ದೇಹದ ಖಾತೆ ಫಿಕ್ಸೆಡ್ ಡಿಪಾಸಿಟ್ ಅಲ್ಲ, ಒಮ್ಮೆ ದೊಡ್ಡ ಮೊತ್ತ ಇಟ್ಟು ವರ್ಷವಿಡೀ ಬಡ್ಡಿ ತಿನ್ನಲು ಬರುವುದಿಲ್ಲ. ಅದು ಆರ್.ಡಿ. ಖಾತೆ. ಕಂತು ತಪ್ಪಬಾರದು. ನಿಮಿಷಕ್ಕೆ ನೂರು ಹೆಜ್ಜೆಯಂತೆ ಚುರುಕಾಗಿ ನಡೆದರೆ ಅರ್ಧ ತಾಸಿಗೆ ಮೂರು ಸಾವಿರ ಆಗುತ್ತದೆ. ವಾರಕ್ಕೆ ಐದು ದಿನ ಇಷ್ಟು ನಡೆದರೆ 150 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಕನಿಷ್ಠ ಬೇಕೆಂದು ಹೇಳುವುದು ಇಷ್ಟನ್ನೇ. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು. ಆ ವೇಗ ಸಾಕು.

ಹೆಣ್ಣುಮಕ್ಕಳಿಗೆ ಇಲ್ಲಿ ಒಂದು ತೊಡಕು ಇದೆ, ನನಗೆ ಗೊತ್ತು. ಗಂಡಸರು ಸಂಜೆ ರಸ್ತೆಯ ಮೇಲೆ ಅಡ್ಡಾಡಿದರೆ ಯಾರೂ ಏನೂ ಅನ್ನುವುದಿಲ್ಲ. ಕೈಯಲ್ಲಿ ಚೀಲವಿಲ್ಲದೆ, ಕೊಡವಿಲ್ಲದೆ ಒಬ್ಬ ಹೆಣ್ಣುಮಗಳು ಹೊರಟರೆ ಕಟ್ಟೆಯ ಮೇಲಿನವರೆಲ್ಲ "ಎಲ್ಲಿಗೆ ಹೊಂಟೀಯವ್ವಾ?" ಅನ್ನುತ್ತಾರೆ. ನಮ್ಮ ಓಣಿಯ ನಾಲ್ಕೈದು ಮಂದಿ ಅತ್ತೆ-ಸೊಸೆಯರು ಇದಕ್ಕೆ ಒಂದು ಉಪಾಯ ಮಾಡಿದರು. ದಿನಾ ಸಂಜೆ ಒಟ್ಟಾಗಿ ಊರಾಚೆಯ ಹನುಮಂತ ದೇವರ ಗುಡಿಗೆ ಹೋಗಿ ಬರುತ್ತಾರೆ. ದೇವರ ಹೆಸರು ಹೇಳಿದರೆ ಯಾರೂ ಕೇಳುವುದಿಲ್ಲ. ಅವರಲ್ಲಿ ಬ್ಯಾಂಡು ಇರುವುದು ಒಬ್ಬರ ಕೈಯಲ್ಲಿ ಮಾತ್ರ. ಆ ಒಂದು ಲೆಕ್ಕವೇ ಎಲ್ಲರದೂ.

ಹೀಗೆ ಕಟ್ಟಿಕೊಂಡರೆ ಜನ ನಿಜವಾಗಿ ಹೆಚ್ಚು ನಡೆಯುತ್ತಾರೆಯೇ? ನಡೆಯುತ್ತಾರೆ. 2022ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಒಂದೂವರೆ ಲಕ್ಷಕ್ಕೂ ಮೇಲ್ಪಟ್ಟ ಜನರ ಮೇಲಿನ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಬ್ಯಾಂಡು ಕಟ್ಟಿದವರು ದಿನಕ್ಕೆ ಸುಮಾರು 1,800 ಹೆಜ್ಜೆ ಹೆಚ್ಚು ನಡೆದದ್ದು ಕಂಡುಬಂತು. ಆದರೆ ತೂಕ ಇಳಿದದ್ದು ಸುಮಾರು ಒಂದು ಕಿಲೋ. 2016ರಲ್ಲಿ ಅಮೆರಿಕದಲ್ಲಿ 471 ಜನರ ಮೇಲೆ ಎರಡು ವರ್ಷ ನಡೆಸಿದ ಪ್ರಯೋಗದಲ್ಲಂತೂ ಬ್ಯಾಂಡು ಕಟ್ಟಿದವರ ತೂಕ 3.5 ಕಿಲೋ ಇಳಿದಿದ್ದರೆ, ಬ್ಯಾಂಡಿಲ್ಲದೆ ಪಥ್ಯ ಮತ್ತು ವ್ಯಾಯಾಮ ತಾವೇ ಬರೆದುಕೊಂಡವರದು 5.9 ಕಿಲೋ ಇಳಿದಿತ್ತು. ಬರೆಯುವವನಿಗೆ ಲೆಕ್ಕ ಅಂಟುತ್ತದೆ, ನೋಡುವವನಿಗೆ ಅಂಟುವುದಿಲ್ಲ ಎಂದು ಬ್ಯಾಂಕಿನ ಹಳಬನಾದ ನನಗೆ ಅನ್ನಿಸುತ್ತದೆ. ಅದು ನನ್ನ ಅನಿಸಿಕೆ, ಸಂಶೋಧಕರದ್ದಲ್ಲ.

ಎರಡನೆಯದು ನಾಡಿ. ಬ್ಯಾಂಡನ್ನು ತಿರುವಿ ನೋಡಿ, ಕೆಳಗೆ ಹಸಿರು ದೀಪ ಮಿಣುಕುತ್ತದೆ. ರಕ್ತ ಕೆಂಪು, ಕೆಂಪು ವಸ್ತು ಹಸಿರು ಬೆಳಕನ್ನು ನುಂಗುತ್ತದೆ. ಗುಂಡಿಗೆ ಒಮ್ಮೆ ಬಡಿದಾಗ ಚರ್ಮದ ಕೆಳಗೆ ರಕ್ತ ಉಕ್ಕಿ ಬರುತ್ತದೆ, ಆಗ ಹಿಂದಿರುಗುವ ಬೆಳಕು ಕಡಿಮೆಯಾಗುತ್ತದೆ. ಎರಡು ಬಡಿತಗಳ ನಡುವೆ ಬೆಳಕು ಹೆಚ್ಚಾಗುತ್ತದೆ. ಈ ಏರಿಳಿತವನ್ನು ಎಣಿಸಿದರೆ ನಾಡಿ. ಇದಕ್ಕೆ ವೋಚರ್ ಇದೆ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಬಗೆಯ ಬ್ಯಾಂಡುಗಳನ್ನು ಪರೀಕ್ಷಿಸಿದಾಗ ಆರು ಬ್ಯಾಂಡುಗಳ ನಾಡಿ ಲೆಕ್ಕದ ತಪ್ಪು ನೂರಕ್ಕೆ ಐದರೊಳಗೆ ಇತ್ತು. ಅದೇ ಪರೀಕ್ಷೆಯಲ್ಲಿ, ಎಷ್ಟು ಕ್ಯಾಲೊರಿ ಕರಗಿತು ಎಂಬ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯದು ನೂರಕ್ಕೆ 27ರಷ್ಟು ತಪ್ಪಿತ್ತು, ಎಲ್ಲಕ್ಕಿಂತ ಕೆಟ್ಟದ್ದು 93ರಷ್ಟು. ಆದ್ದರಿಂದ ಮುನ್ನೂರು ಕ್ಯಾಲೊರಿ ಕರಗಿತೆಂದು ಬ್ಯಾಂಡು ಹೇಳಿದ ಧೈರ್ಯದ ಮೇಲೆ ಎರಡು ಶೇಂಗಾ ಹೋಳಿಗೆ ಹೆಚ್ಚು ತಿನ್ನಬೇಡಿ.

ಈ ಕ್ಯಾಲೊರಿ ಲೆಕ್ಕಕ್ಕೆ ನಿಮ್ಮ ವಯಸ್ಸು, ಎತ್ತರ, ತೂಕ ತುಂಬಬೇಕಾಗುತ್ತದೆ. ವಯಸ್ಸಿನ ಮಾತು ಬಂದಿತೆಂದು ಒಂದು ವಿನೋದ. ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ನೋಡುತ್ತಿದ್ದೆ, ನಮ್ಮ ಕಡೆಯ ಹಿರಿಯರಲ್ಲಿ ಬಹಳ ಜನ ಜೂನ್ ಒಂದನೆಯ ತಾರೀಖಿಗೆ ಹುಟ್ಟಿದವರು! ಶಾಲೆಗೆ ಹಾಕುವಾಗ ಮಾಸ್ತರರು ಬರೆದುಕೊಟ್ಟ ಹುಟ್ಟುಹಬ್ಬ ಅದು. ನಿಜವಾದ ವಯಸ್ಸಿಗೂ ದಾಖಲೆಗೂ ಎರಡು ಮೂರು ವರ್ಷ ವ್ಯತ್ಯಾಸ ಇರುವುದುಂಟು. ಬ್ಯಾಂಡಿಗೆ ಮಾತ್ರ ಮನೆಯವರಿಗೆ ತಿಳಿದ ನಿಜವಾದ ವಯಸ್ಸನ್ನೇ ಹಾಕಿಸಿ, ಅದು ಆಧಾರ್ ಕಾರ್ಡ್ ಕೇಳುವುದಿಲ್ಲ.

ನಾಡಿ ಸರಿಯಾಗಿ ಬರಬೇಕಾದರೆ ಪಟ್ಟಿ ಮಣಿಕಟ್ಟಿನ ಎಲುಬಿನ ಮೇಲೆ ಇರಬಾರದು, ಅಲ್ಲಿಂದ ಒಂದು ಬೆರಳು ಹಿಂದಕ್ಕೆ, ಮೊಳಕೈ ಕಡೆಗೆ ಇರಬೇಕು. ಸಡಿಲ ಇದ್ದರೆ ಬೆಳಕು ಸೋರುತ್ತದೆ. ಕೈತುಂಬ ಬಳೆ ಇರುವ ತಾಯಂದಿರು ಬಳೆ ಕಡಿಮೆ ಇರುವ ಕೈಗೆ ಕಟ್ಟಿಕೊಳ್ಳಿ. ಇನ್ನು ನಮ್ಮ ಅಜ್ಜಿಯರ ಮುಂಗೈ ಮೇಲೆ ಹಸಿರು ಹಚ್ಚೆ ಇರುತ್ತದಲ್ಲ, ಅದರ ಮಸಿ ಈ ಬೆಳಕನ್ನು ತಡೆಯುತ್ತದೆ. ಹಚ್ಚೆಯ ಮೇಲೆ ಕಟ್ಟಿದರೆ ಬ್ಯಾಂಡು ಸುಮ್ಮನಿರಬಹುದು ಅಥವಾ ತಪ್ಪು ಹೇಳಬಹುದು. ಅಜ್ಜಿಯ ನಾಡಿ ಸಿಗಲಿಲ್ಲವೆಂದು ಮೊಮ್ಮಗ ಗಾಬರಿಯಾಗಿ ಕೂಗಾಡುವ ಮೊದಲು ಇನ್ನೊಂದು ಕೈಗೆ ಕಟ್ಟಿ ನೋಡಬೇಕು.

ಕುಳಿತಾಗ ದೊಡ್ಡವರ ನಾಡಿ ನಿಮಿಷಕ್ಕೆ 60ರಿಂದ 100 ಇರುತ್ತದೆ. ಒಂದು ದಿನದ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಚಹಾ ಕುಡಿದರೆ ಏರುತ್ತದೆ, ಜಗಳ ಆಡಿದರೆ ಏರುತ್ತದೆ, ಜ್ವರಕ್ಕೂ ಏರುತ್ತದೆ. ಬ್ಯಾಂಡಿನ ನಿಜವಾದ ಉಪಯೋಗ ಇರುವುದು ದಿನದಿಂದ ದಿನಕ್ಕೆ ಹೋಲಿಸುವುದರಲ್ಲಿ. ಮುಂಜಾನೆ ಹಾಸಿಗೆಯಲ್ಲಿ ದಿನಾ 70 ಇರುತ್ತಿದ್ದದ್ದು, ಕಾರಣವಿಲ್ಲದೆ ಒಂದು ವಾರ 90ರ ಮೇಲೆ ನಿಂತಿದೆ ಎಂದರೆ ಡಾಕ್ಟರರಿಗೆ ಹೇಳಬೇಕಾದ ಮಾತು ಅದು. ಬ್ಯಾಂಡಿಲ್ಲದವರು ಕೊರಗಬೇಕಿಲ್ಲ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಗೋಡೆಯ ಗಡಿಯಾರ ನೋಡುತ್ತ 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿದರೆ ಅದೇ ಲೆಕ್ಕ ಬರುತ್ತದೆ.

ನಾಡಿಯ ಬಡಿತ ಲಯ ತಪ್ಪಿದಾಗ ಎಚ್ಚರಿಸುವ ದುಬಾರಿ ವಾಚುಗಳೂ ಇವೆ. ಏಟ್ರಿಯಲ್ ಫಿಬ್ರಿಲೇಶನ್ ಎಂಬ ತೊಂದರೆಯಲ್ಲಿ ಗುಂಡಿಗೆಯ ಮೇಲಿನ ಕೋಣೆಗಳು ಲಯವಿಲ್ಲದೆ ಅದುರುತ್ತವೆ, ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಲಕ್ವ ಹೊಡೆಯುವ ಅಪಾಯ ಇದೆ. ಸುಮಾರು 4 ಲಕ್ಷ 19 ಸಾವಿರ ಜನ ವಾಚು ಕಟ್ಟಿಕೊಂಡು ಭಾಗವಹಿಸಿದ ಅಮೆರಿಕದ ಒಂದು ಅಧ್ಯಯನದ ವರದಿ 2019ರಲ್ಲಿ ಬಂತು. ಅದರಲ್ಲಿ 2,161 ಜನರಿಗೆ ಎಚ್ಚರಿಕೆ ಬಂತು. ಆಮೇಲೆ ಎದೆಗೆ ಪಟ್ಟಿ ಅಂಟಿಸಿಕೊಂಡು ಪರೀಕ್ಷೆ ಮಾಡಿಸಿಕೊಂಡ 450 ಜನರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಆ ತೊಂದರೆ ಕಂಡಿತು. ಎಚ್ಚರಿಕೆ ಬಂದರೆ ಕೈಕಾಲು ಬಿಡಬೇಕಾಗಿಲ್ಲ, ಅಲಕ್ಷ್ಯವನ್ನೂ ಮಾಡಬಾರದು, ಹೋಗಿ ಇ.ಸಿ.ಜಿ. ತೆಗೆಸಬೇಕು. ಹಾಗೆಯೇ ಇನ್ನೊಂದು ಮಾತು. ಹಾರ್ಟ್ ಅಟ್ಯಾಕನ್ನು ಈ ವಾಚುಗಳು ಕಂಡುಹಿಡಿಯುವುದಿಲ್ಲ. ಎದೆ ಹಿಂಡಿದಂತಾಗಿ ಬೆವರು ಬಂದಾಗ ವಾಚಿನಲ್ಲಿ ಎಲ್ಲ ಸರಿ ಇದೆಯೆಂದು ಕುಳಿತರೆ ಜೀವಕ್ಕೆ ಬರುತ್ತದೆ.

ಈಗ ವೋಚರ್ ಇಲ್ಲದ ಅಂಕಿಗಳ ಕಡೆ ಬರೋಣ. ಇಂದಿನ ಮಾತಿನಲ್ಲಿ ಇದೇ ನನಗೆ ಹೆಚ್ಚು ಬೇಕಾದದ್ದು.

ಸಂತೆಯ ಅಗ್ಗದ ಬ್ಯಾಂಡುಗಳು 'ಬಿ.ಪಿ.' ಎಂದು ತೋರಿಸುತ್ತವೆ. ರಕ್ತದೊತ್ತಡ ಅಳೆಯುವ ಕ್ರಮ ನಿಮಗೆಲ್ಲ ಗೊತ್ತು. ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿ, ರಕ್ತದ ಹರಿವನ್ನು ಒಂದು ಕ್ಷಣ ತಡೆದು, ಮೆಲ್ಲಗೆ ಬಿಡುತ್ತ ನೋಡುತ್ತಾರೆ. ಸ್ಟೆಥಾಸ್ಕೋಪಿನಲ್ಲಿ ಆ ಸಪ್ಪಳ ಕೇಳುವ ವಿಧಾನವನ್ನು ರಷ್ಯಾದ ಕೊರೊಟ್ಕೋವ್ ಎಂಬ ವೈದ್ಯರು 1905ರಲ್ಲಿ ಹೇಳಿಕೊಟ್ಟರು. ಗಾಳಿ ತುಂಬದ, ಒತ್ತದ ರಬ್ಬರ್ ಪಟ್ಟಿ ಒತ್ತಡವನ್ನು ನೇರವಾಗಿ ಅಳೆಯಲಾರದು. ಅದು ಹಸಿರು ಬೆಳಕಿನ ಅಲೆಯಿಂದ ಊಹೆ ಮಾಡುತ್ತದೆ. ಕೆಲವು ದೊಡ್ಡ ಕಂಪನಿಗಳ ವಾಚುಗಳನ್ನು ಆಗಾಗ ತೋಳಿನ ಯಂತ್ರದೊಡನೆ ತಾಳೆ ಹಾಕಬೇಕಾಗುತ್ತದೆ. ಸಂತೆಯದಕ್ಕೆ ಅದೂ ಇಲ್ಲ. ಗಾಳಿಪಟ್ಟಿ ಇಲ್ಲದ ಇಂಥ ಯಂತ್ರಗಳನ್ನು ನಂಬಿ ಬಿ.ಪಿ. ಇದೆ ಇಲ್ಲ ಎಂದು ತೀರ್ಮಾನಿಸುವುದಾಗಲಿ, ಔಷಧ ಬದಲಿಸುವುದಾಗಲಿ ಬೇಡ ಎಂದು ಯುರೋಪಿನ ರಕ್ತದೊತ್ತಡ ತಜ್ಞರ ಸಂಘ 2022ರಲ್ಲಿ ಹೇಳಿತು.

ನಮ್ಮ ಹಿಂದಿನ ಓಣಿಯಲ್ಲಿ ಒಬ್ಬ ಹಿರಿಯರಿದ್ದಾರೆ, ಹೆಸರು ಬೇಡ. ಏಳೆಂಟು ವರ್ಷದಿಂದ ಬಿ.ಪಿ. ಮಾತ್ರೆ ನುಂಗುತ್ತಿದ್ದರು. ಮಗ ಕಳಿಸಿದ ಬ್ಯಾಂಡಿನಲ್ಲಿ ದಿನಾ 118, 78 ಎಂದು ಬರತೊಡಗಿತು. "ಆರಾಮ ಆಗೇದಲ್ಲೋ, ಸುಮ್ಮಕ ಯಾಕ ಗುಳಿಗಿ ನುಂಗಲಿ?" ಎಂದು ಮಾತ್ರೆ ಬಿಟ್ಟರು. ಎರಡು ತಿಂಗಳ ಮೇಲೆ ಒಂದು ಮುಂಜಾನೆ ಚಹಾದ ಬಟ್ಟಲು ಕೈಯಿಂದ ಜಾರಿತು, ಬಾಯಿ ಸೊಟ್ಟಗಾಯಿತು. ಸೊಲ್ಲಾಪುರಕ್ಕೆ ಒಯ್ದಾಗ ಬಿ.ಪಿ. 210, 120 ಇತ್ತು. ಅದೇ ಹೊತ್ತಿನಲ್ಲಿ ಬ್ಯಾಂಡು 119, 79 ತೋರಿಸುತ್ತಿತ್ತು. ಜೀವ ಉಳಿಯಿತು. ಬಲಗೈಯಲ್ಲಿ ಮಾತ್ರ ಇನ್ನೂ ಬಲ ಬಂದಿಲ್ಲ, ರೊಟ್ಟಿಯನ್ನು ಹೆಂಡತಿ ಮುರಿದುಕೊಡುತ್ತಾರೆ. ಮೊನ್ನೆ ಅವರ ಮನೆಯಲ್ಲಿ ಆ ಬ್ಯಾಂಡನ್ನು ಒಂದು ಉದ್ದನ್ನ ಬದನೆಕಾಯಿಗೆ ಸುತ್ತಿ ಗುಂಡಿ ಒತ್ತಿದೆವು. ಬದನೆಕಾಯಿಯ ಬಿ.ಪಿ. 116, 77!

ನಿಮ್ಮ ಮನೆಯಲ್ಲಿಯೂ ಈ ಪರೀಕ್ಷೆ ಮಾಡಬಹುದು, ಖರ್ಚಿಲ್ಲ. ಒಳ್ಳೆಯ ಬ್ಯಾಂಡು ಕೂಡ ಬೆಳಕಿನ ಗೊಂದಲದಲ್ಲಿ ಒಮ್ಮೊಮ್ಮೆ ಕಾಯಿಪಲ್ಯಕ್ಕೂ ನಾಡಿ ತೋರಿಸೀತು, ಅದನ್ನು ಕ್ಷಮಿಸಬಹುದು. ಬದನೆಕಾಯಿಗೆ ಬಿ.ಪಿ. ಹೇಳುವ ಯಂತ್ರವನ್ನು ಕ್ಷಮಿಸಬಾರದು.

ಸಕ್ಕರೆಯ ಮಾತು ಇದಕ್ಕಿಂತ ಗಂಭೀರ. ಚರ್ಮ ಚುಚ್ಚದೆ ರಕ್ತದ ಸಕ್ಕರೆ ಅಳೆಯುತ್ತೇವೆ ಎನ್ನುವ ವಾಚು, ಉಂಗುರಗಳನ್ನು ಬಳಸಬೇಡಿ, ಅಂಥ ಯಾವುದಕ್ಕೂ ನಾವು ಒಪ್ಪಿಗೆ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2024ರ ಫೆಬ್ರುವರಿಯಲ್ಲಿ ಎಚ್ಚರಿಕೆ ಕೊಟ್ಟಿತು. ತೋಳಿಗೆ ಅಂಟಿಸುವ, ಕೂದಲಿನಂಥ ಎಳೆ ಚರ್ಮದೊಳಗೆ ಹೋಗುವ ಸಾಧನ ಬೇರೆ. ಅದನ್ನು ಡಾಕ್ಟರರು ಬರೆದುಕೊಡುತ್ತಾರೆ. ವಾಚಿನ ಸುಳ್ಳು ಅಂಕಿ ನೋಡಿ ಇನ್ಸುಲಿನ್ ಹೆಚ್ಚು ಚುಚ್ಚಿಕೊಂಡರೆ ಸಕ್ಕರೆ ಒಮ್ಮೆಲೇ ಇಳಿದು ಎಚ್ಚರ ತಪ್ಪುತ್ತದೆ. ನಮ್ಮ ದೇಶದಲ್ಲಿ ದೊಡ್ಡವರಲ್ಲಿ ನೂರಕ್ಕೆ 11.4 ಜನರಿಗೆ ಸಕ್ಕರೆ ಕಾಯಿಲೆ, 35.5 ಜನರಿಗೆ ರಕ್ತದೊತ್ತಡ ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ಹೇಳಿತು. ಅಂದರೆ ಈ ಮಾತು ಕೇಳುತ್ತಿರುವ ಪ್ರತಿ ಮನೆಗೂ ಹೆಚ್ಚುಕಡಿಮೆ ಇದು ಸಂಬಂಧಪಟ್ಟದ್ದು. ಮೂವತ್ತು ದಾಟಿದವರಿಗೆ ಇವೆರಡರ ತಪಾಸಣೆ ಸರಕಾರಿ ಉಪಕೇಂದ್ರದಲ್ಲಿ ಪುಕ್ಕಟೆ ಇದೆ. ಗಡಿಯ ಈಚೆಯಾದರೂ ಅಷ್ಟೇ, ಆಚೆಯಾದರೂ ಅಷ್ಟೇ.

ಆಕ್ಸಿಜನ್ ಅಂಕಿಯನ್ನು ಕೊರೊನಾ ಕಾಲದಲ್ಲಿ ಎಲ್ಲರೂ ಕಲಿತೆವು. ಬೆರಳಿಗೆ ಸಿಕ್ಕಿಸುವ ಯಂತ್ರದ ಮೂಲ ವಿಚಾರ 1974ರಲ್ಲಿ ಜಪಾನಿನ ತಾಕುವೊ ಅವೊಯಾಗಿ ಎಂಬ ಇಂಜಿನಿಯರರದು. ಅಲ್ಲಿ ಬೆಳಕು ಬೆರಳನ್ನು ದಾಟಿ ಹೋಗುತ್ತದೆ. ಮಣಿಕಟ್ಟಿನ ಮೇಲೆ ದಾಟುವಂತಿಲ್ಲ, ಪ್ರತಿಫಲಿಸಿ ಬರಬೇಕು, ಆದ್ದರಿಂದ ಲೆಕ್ಕ ಇನ್ನೂ ಸೂಕ್ಷ್ಮ. ಅದರ ಮೇಲೆ, ಕಪ್ಪು ಚರ್ಮದವರಲ್ಲಿ ಬೆರಳಿನ ಯಂತ್ರವೇ ಆಕ್ಸಿಜನ್ ಕೊರತೆಯನ್ನು ಮರೆಮಾಚುವುದು ಹೆಚ್ಚು ಎಂದು 2020ರಲ್ಲಿ ಅಮೆರಿಕದ ವೈದ್ಯರು ತೋರಿಸಿಕೊಟ್ಟರು. ಬಿಸಿಲಲ್ಲಿ ದುಡಿಯುವ ನಮ್ಮ ಜನ ಇದನ್ನು ನೆನಪಿನಲ್ಲಿಡಬೇಕು. ಉಸಿರಿಗೆ ಕಷ್ಟವಾದರೆ ಅಂಕಿ 97 ಇದ್ದರೂ ದವಾಖಾನೆಗೆ ಹೋಗಿ. ನಿದ್ದೆಯ ಲೆಕ್ಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟಿ.ವಿ. ಮುಂದೆ ಅಲುಗದೆ ಕುಳಿತರೂ ಅದು ನಿದ್ದೆ ಎಂದು ಬರೆದೀತು. ಮುಂಜಾನೆ ಮೈ ಹಗುರಾಗಿದ್ದರೆ ನಿದ್ದೆ ಆಗಿದೆ.

ಹಾಗಾದರೆ ನಮ್ಮ ಗಡಿಯ ಊರುಗಳವರಿಗೆ ಈ ಯಂತ್ರದಿಂದ ಉಪಯೋಗ ಏನು? ನನ್ನ ಮಟ್ಟಿಗೆ ಒಂದು ದೊಡ್ಡ ಉಪಯೋಗ ಇದೆ, ಅದನ್ನು ಕಂಪನಿಯವರು ಜಾಹೀರಾತಿನಲ್ಲಿ ಹೇಳುವುದಿಲ್ಲ. ನಮಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಗಂಡಸರು ಎರಡನ್ನೂ ನಿಭಾಯಿಸುತ್ತೇವೆ. ಆದರೆ ಅಜ್ಜಿ, ತಾಯಿ ಡಾಕ್ಟರರ ಮುಂದೆ ಕುಳಿತಾಗ ನೋವಿನ ಮಾತು ಮರಾಠಿಯಲ್ಲಿ ಬರುವುದಿಲ್ಲ. "ಎದಿ ಡವಡವ ಅಂತದ", "ಮೈ ಜುಮ್ ಅಂತದ", ಇದನ್ನು ಪಕ್ಕದಲ್ಲಿ ನಿಂತ ಮಗ ತನಗೆ ತಿಳಿದಷ್ಟು ಹೇಳುತ್ತಾನೆ. ನಡೆದರೆ ಏದುಸಿರು ಬರುತ್ತದೆ ಎನ್ನುವುದಕ್ಕೆ ನಮ್ಮವರು "ದಮ್ಮ ಬರತದ" ಅನ್ನುತ್ತಾರೆ. ಮರಾಠಿಯಲ್ಲಿ 'ದಮಾ' ಎಂದರೆ ಅಸ್ತಮಾ, 'ದಮ ಲಾಗತೋ' ಎಂದರೆ ಏದುಸಿರು. ಒಂದು ಮಾತು ಆಚೀಚೆಯಾದರೆ ಗುಂಡಿಗೆಯ ರೋಗ ಪುಪ್ಪುಸದ ಚೀಟಿಗೆ ಹೋಗುತ್ತದೆ.

ಅಂಕಿಗೆ ಈ ಕಷ್ಟವಿಲ್ಲ. "ಮಾಳಿಗೆಯ ಮೆಟ್ಟಿಲು ಹತ್ತಿದ ಮೇಲೆ ನಾಡಿ 130, ಹತ್ತು ನಿಮಿಷ ಕುಳಿತರೂ 112, ಹೋದ ತಿಂಗಳು ಐದು ನಿಮಿಷಕ್ಕೆ 85ಕ್ಕೆ ಇಳಿಯುತ್ತಿತ್ತು" ಎಂದು ಬರೆದು ಕೊಟ್ಟರೆ ಮರಾಠಿ ಡಾಕ್ಟರರಿಗೂ ತಿಳಿಯುತ್ತದೆ, ಕಲಬುರಗಿಯ ಕನ್ನಡ ಡಾಕ್ಟರರಿಗೂ ತಿಳಿಯುತ್ತದೆ. ಮೊಬೈಲಿನಲ್ಲಿ ಬ್ಯಾಂಡಿನ ಆ್ಯಪ್ ತೆರೆದು ತೋರಿಸಲು ಹೋಗಬೇಡಿ. ಅದು ಬಹುಪಾಲು ಇಂಗ್ಲಿಷಿನಲ್ಲಿ ಇರುತ್ತದೆ, ಡಾಕ್ಟರರಿಗೆ ಅಷ್ಟು ಪುರುಸೊತ್ತೂ ಇರುವುದಿಲ್ಲ. ಮೊಮ್ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಖಾಲಿ ಹಾಳೆ ಸಾಕು. ತಾರೀಖು, ಮುಂಜಾನೆಯ ನಾಡಿ, ಹೆಜ್ಜೆ, ಉಪಕೇಂದ್ರದಲ್ಲಿ ನೋಡಿಸಿದ ದಿನ ಬಿ.ಪಿ. ಮತ್ತು ಸಕ್ಕರೆ. ಒಂದು ದಿನಕ್ಕೆ ಒಂದು ಗೆರೆ. ಅಂಕಿಗಳನ್ನು 1, 2, 3 ಎಂದೇ ಬರೆಯಿರಿ. ಕನ್ನಡದ ೬ ಮತ್ತು ೯ ಕನ್ನಡ ಓದದವರಿಗೆ ಬೇಗ ಗುರುತು ಹತ್ತುವುದಿಲ್ಲ, 60 ಹೋಗಿ 90 ಆದರೆ ಕಷ್ಟ. ಬ್ಯಾಂಡು ತೋರಿಸುವ ಬಿ.ಪಿ.ಯನ್ನು ಈ ಪುಸ್ತಕದಲ್ಲಿ ಬರೆಯಲೇಬೇಡಿ. ಒಂದು ಸುಳ್ಳು ಗೆರೆ ಸೇರಿದರೆ ಪುಸ್ತಕವೆಲ್ಲ ಕೆಡುತ್ತದೆ.

ಆ್ಯಪ್ ಹಾಕಿಸುವಾಗ ಒಂದು ಎಚ್ಚರ. ನಾಡಿ ನೋಡುವ ಆ್ಯಪ್‌ಗೆ ನಿಮ್ಮ ಬ್ಯಾಂಕ್ ಖಾತೆ ಬೇಕಿಲ್ಲ, ಮೊಬೈಲಿನಲ್ಲಿರುವ ನಂಟರಿಷ್ಟರ ನಂಬರುಗಳೂ ಬೇಕಿಲ್ಲ. ಕೇಳಿದರೆ ಬೇಡವೆನ್ನಿ. ಒ.ಟಿ.ಪಿ. ಕೇಳಿ ಯಾರಾದರೂ ಫೋನು ಮಾಡಿದರೆ ಇಟ್ಟುಬಿಡಿ.

ಕೊನೆಯದಾಗಿ, ನೋಟ್‌ಬುಕ್ಕಿನ ಮೊದಲ ಪುಟದ ಬಗ್ಗೆ. ಅಲ್ಲಿ ಹೆಸರು, ವಯಸ್ಸು, ನುಂಗುವ ಮಾತ್ರೆಗಳ ಹೆಸರು, ಯಾವ ಔಷಧ ಮೈಗೆ ಒಗ್ಗುವುದಿಲ್ಲ ಎಂಬುದು, ಮಗ ಅಥವಾ ಮಗಳ ಫೋನ್ ನಂಬರು ಇರಲಿ. ಅದರ ಕೆಳಗೆ ದೊಡ್ಡದಾಗಿ 108 ಎಂದು ಬರೆಯಿರಿ. ಈ ಅಂಬ್ಯುಲೆನ್ಸ್ ಕರ್ನಾಟಕದಲ್ಲಿಯೂ ಇದೆ, ಮಹಾರಾಷ್ಟ್ರದಲ್ಲಿಯೂ ಇದೆ, ಆದರೆ ಎರಡರ ಕಚೇರಿ ಬೇರೆ ಬೇರೆ. ಗಡಿಯ ಊರಿನಲ್ಲಿ ಮೊಬೈಲು ಆಚೆಯ ಟವರ್ ಹಿಡಿದಿದ್ದರೆ ಕರೆ ಆ ರಾಜ್ಯಕ್ಕೆ ಹೋಗಿ ಮುಟ್ಟಬಹುದು. ಆದ್ದರಿಂದ ಕರೆ ಎತ್ತಿದ ಕೂಡಲೇ ರೋಗದ ಕಥೆ ಶುರು ಮಾಡಬೇಡಿ. ಮೊದಲು ರಾಜ್ಯ, ಆಮೇಲೆ ಜಿಲ್ಲೆ, ತಾಲೂಕು, ಊರು. ಇಷ್ಟನ್ನು ಮರಾಠಿಯಲ್ಲಿ ಹೇಗೆ ಹೇಳಬೇಕು, ಕನ್ನಡದಲ್ಲಿ ಹೇಗೆ ಹೇಳಬೇಕು ಎಂದು ಆ ಪುಟದಲ್ಲಿಯೇ ಕನ್ನಡ ಅಕ್ಷರಗಳಲ್ಲಿ ಬರೆದಿಡಿ. ಮನೆಯಲ್ಲಿ ಆ ಹೊತ್ತಿಗೆ ಇರುವವಳು ಐದನೆಯ ಇಯತ್ತೆಯ ಮೊಮ್ಮಗಳೊಬ್ಬಳೇ ಇರಬಹುದು. ಅವಳಿಂದ ಇಂದು ಸಂಜೆಯೇ ಒಮ್ಮೆ ಓದಿಸಿ ನೋಡಿ.